ಚಿಕ್ಕಪೇಟೆಯಿಂದ ಸರ್ಜಾಪುರದ ತನಕ: ಕೂಡುವ ಬೀದಿ, ಮುಗಿಯುವ ಬೀದಿ

ಬೆಂಗಳೂರಿನ ಚಿಕ್ಕಪೇಟೆಯಿಂದ ಹೊರಟು, ಬಸವನಗುಡಿ, ಜಯನಗರ, ಎಚ್‌ಎಸ್‌ಆರ್ ಲೇಔಟ್‌ಗಳನ್ನು ಹಾದು, ಅಗರ ಕೆರೆಯ ಬಳಿ ತಿರುಗಿ ಸರ್ಜಾಪುರ ಮುಟ್ಟುವ ಹಾದಿ ಸುಮಾರು 30 ಕಿಲೋಮೀಟರಿನದು. ಅಷ್ಟರಲ್ಲೇ ಹೆಚ್ಚುಕಡಿಮೆ ಐದು ಶತಮಾನಗಳ ಊರು ಒಂದರ ಪಕ್ಕ ಒಂದು ಸಾಲಾಗಿ ಸಿಗುತ್ತದೆ. ನಡುವಿನಿಂದ ಅಂಚಿಗೆ ಸರಿದಂತೆಲ್ಲ ಕಾಲವೂ ಮುಂದಕ್ಕೆ ಸರಿಯುತ್ತದೆ. ಮೈಸೂರಿಗೆ ಮರಳಿ ದಿನಗಳು ಕಳೆದರೂ ಈ ಹಾದಿ ನನ್ನ ಮನಸ್ಸಿನಿಂದ ಇಳಿದಿಲ್ಲ. ಬೆಂಗಳೂರಿನ ವಾಹನ ದಟ್ಟಣೆಯ ಬಗ್ಗೆ ಎಲ್ಲರೂ ಮಾತಾಡಿಯಾಗಿದೆ. ಕಾಡುತ್ತಿರುವುದು ಆ ದಟ್ಟಣೆಗಿಂತ ಹಿಂದಿನ ಸಂಗತಿ. ಹೊರವಲಯದಲ್ಲಿ ಬೆನ್ನಿಗೆ ಬೆನ್ನು ತಾಗಿಸಿ ನಿಂತ ಎರಡು ಮನೆಗಳಿರುತ್ತವೆ. ನಡುವೆ ಒಂದು ಕಾಂಪೌಂಡ್ ಗೋಡೆ. ಈ ಮನೆಯ ಒಗ್ಗರಣೆಯ ವಾಸನೆ ಆ ಮನೆಗೆ ಹೋಗುತ್ತದೆ, ಮನುಷ್ಯ ಹೋಗಬೇಕೆಂದರೆ ಲೇಔಟಿನ ಬಾಯಿಗೆ ಬಂದು, ಮುಖ್ಯರಸ್ತೆ ಹಿಡಿದು, ಇನ್ನೊಂದು ಲೇಔಟಿನ ಬಾಯಿಯಿಂದ ಒಳಹೊಕ್ಕು ಕಿಲೋಮೀಟರುಗಟ್ಟಲೆ ಸುತ್ತಬೇಕು. ಊರು ಬೆಳೆದರೆ ಮನೆಗಳು ದೂರವಾಗುವುದು ಸಹಜ. ಪಕ್ಕದಲ್ಲೇ ಇರುವ ಮನೆಯೂ ದೂರವಾಗುವುದು ಸಹಜವಲ್ಲ, ಯಾರೋ ಮಾಡಿದ್ದು. ಯಾರು, ಯಾವಾಗ, ಹೇಗೆ ಮಾಡಿದರು ಎಂಬುದನ್ನು ಈ ಹಾದಿಯೇ ತೋರಿಸಿಕೊಡುತ್ತದೆ.

ಹಿಂದೆ ದೊಡ್ಡಪೇಟೆ ಎನಿಸಿಕೊಂಡಿದ್ದ ಅವೆನ್ಯೂ ರಸ್ತೆಯೂ ಚಿಕ್ಕಪೇಟೆಯ ರಸ್ತೆಯೂ ಕೂಡುವ ಚೌಕವೇ ಊರಿನ ಹೊಕ್ಕುಳು. 1537ರಲ್ಲಿ ಕೆಂಪೇಗೌಡರು ಇಲ್ಲಿಂದಲೇ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ, ಎತ್ತುಗಳು ನಿಂತಲ್ಲಿಗೆ ಊರಿನ ಎಲ್ಲೆ ಎಂದರೆಂಬ ಐತಿಹ್ಯವಿದೆ. ಐತಿಹ್ಯವನ್ನು ನಂಬಿದರೂ ಬಿಟ್ಟರೂ ಅದರೊಳಗಿನ ತಿಳಿವಳಿಕೆ ದೊಡ್ಡದು: ಮೊದಲು ಬೀದಿ, ಆಮೇಲೆ ಮನೆ. ಆ ಎರಡು ಬೀದಿಗಳಿಗೆ ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ತರಗುಪೇಟೆ, ನಗರ್ತಪೇಟೆ, ಗಾಣಿಗರಪೇಟೆಗಳು ಒಂದೊಂದಾಗಿ ಬಂದು ಕೂಡಿಕೊಂಡವು. ಬೆಳಗಿನ ಹೊತ್ತು ಇಲ್ಲಿ ನಡೆಯುವುದೇ ಕಷ್ಟ. ಬಟ್ಟೆಯ ಗಂಟು ಹೊತ್ತ ಹಮಾಲರು, ತಳ್ಳುಗಾಡಿಗಳು, ಮದುವೆ ಪತ್ರಿಕೆಯ ಕಟ್ಟುಗಳು, ಮಾರ್ಕೆಟ್ಟಿನಿಂದ ಬಂದ ಕನಕಾಂಬರದ ಬುಟ್ಟಿ, ಎಲ್ಲವೂ ಕೆಲವೇ ಮಾರಿನ ಅಗಲದಲ್ಲಿ. ಆದರೂ ತಲೆಯ ಮೇಲೆ ಹೊರೆ ಹೊತ್ತವರು ನಿಂತು ಬೆವರುವುದು ಕಡಿಮೆ. ಎದುರಿಗೆ ಲಗೇಜ್ ಆಟೊ ಅಡ್ಡ ನಿಂತರೆ ಪಕ್ಕದ ಸಂದಿಗೆ ಇಳಿಯುತ್ತಾರೆ, ದೇವಸ್ಥಾನದ ಹಿಂದಿನಿಂದ ಹಾದು, ಪಾತ್ರೆ ಅಂಗಡಿಗಳ ಸಾಲಿನಲ್ಲಿ ಮೇಲೆ ಬರುತ್ತಾರೆ. ಇಲ್ಲಿಯೂ ಮುಚ್ಚಿದ ಸಂದಿಗಳಿವೆ, ಬೀದಿಗಳು ನೆಟ್ಟಗಿಲ್ಲ. ಆದರೆ ಬಹುಪಾಲು ಸಂದಿಗಳಿಗೆ ಎರಡು ತುದಿ ಇದೆ. ದೋಸೆಯ ಹಂಚು, ಕಾಫಿಯ ಫಿಲ್ಟರು ಇಟ್ಟ ಪುಟ್ಟ ಹೋಟೆಲುಗಳು ಇಲ್ಲಿ ಬದುಕಿರುವುದು ಈ ಎರಡು ತುದಿಗಳಿಂದಲೇ: ಎಲ್ಲಿಗೋ ಹೊರಟವರು ನಡುವೆ ಇವರ ಬಾಗಿಲ ಮುಂದೆ ಹಾದುಹೋಗುತ್ತಾರೆ.

ಪೇಟೆಯಲ್ಲಿ ನಿಂತು ಯೋಚಿಸಬೇಕಾದ ಇನ್ನೊಂದು ಸಂಗತಿ, ಉಳಿದದ್ದು ಏನು ಮತ್ತು ಅಳಿದದ್ದು ಏನು ಎಂಬುದು. ಕೆಂಪೇಗೌಡರ ಮಣ್ಣಿನ ಕೋಟೆ ಹೋಯಿತು. ಹಲಸೂರು ಗೇಟು, ಯಲಹಂಕ ಗೇಟುಗಳು ಹೆಸರಾಗಿ ಉಳಿದವು. ಧರ್ಮಾಂಬುಧಿ ಕೆರೆ ಬತ್ತಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಆಳಿದ ಮನೆತನಗಳು ಬದಲಾದವು, ಮನೆಗಳು ಹತ್ತಾರು ಸಲ ಕೆಡವಿ ಕಟ್ಟಲ್ಪಟ್ಟವು. ದೊಡ್ಡಪೇಟೆ ಚಿಕ್ಕಪೇಟೆಗಳ ಆ ಕೂಡುರಸ್ತೆ ಮಾತ್ರ ಕದಲಲಿಲ್ಲ. ಇದು ಬೆಂಗಳೂರಿನ ವಿಶೇಷವೇನಲ್ಲ. 1666ರ ಬೆಂಕಿಯಲ್ಲಿ ಲಂಡನ್ನಿನ ಹಳೆಯ ನಗರದ ಬಹುಭಾಗ ಸುಟ್ಟುಹೋದಾಗ ಕ್ರಿಸ್ಟೋಫರ್ ರೆನ್ ಅಗಲವಾದ ಹೊಸ ರಸ್ತೆಗಳ ನಕ್ಷೆ ಬರೆದು ಕೊಟ್ಟ. ಊರು ಮತ್ತೆ ಎದ್ದದ್ದು ಹೆಚ್ಚಾಗಿ ಹಳೆಯ ಬೀದಿಗಳ ಮೇಲೆಯೇ. ಬೀದಿಯ ಎರಡು ಬದಿಗೂ ಯಾರದೋ ಹಕ್ಕಿನ ನೆಲವಿರುತ್ತದೆ, ಕ್ರಯಪತ್ರದ ಚಕ್ಕುಬಂದಿಯಲ್ಲಿ ಆ ಬೀದಿಯ ಹೆಸರು ಕೂತಿರುತ್ತದೆ, ನೆಲದಡಿ ನೀರಿನ ಕೊಳವೆ, ಒಳಚರಂಡಿ ಹರಿಯುತ್ತವೆ. ಹೀಗಾಗಿ ಒಂದು ಊರು ತೆಗೆದುಕೊಳ್ಳುವ ತೀರ್ಮಾನಗಳಲ್ಲಿ ಬೀದಿ ಎಲ್ಲಿಂದ ಎಲ್ಲಿಗೆ ಎಂಬುದಕ್ಕಿರುವಷ್ಟು ಆಯುಸ್ಸು ಬೇರೊಂದಕ್ಕಿಲ್ಲ. ಕೆಟ್ಟ ಮನೆಯನ್ನು ಮೊಮ್ಮಕ್ಕಳು ಕೆಡವಿಯಾರು. ಕೆಟ್ಟ ರಸ್ತೆಜಾಲವನ್ನು ಮೊಮ್ಮಕ್ಕಳ ಮೊಮ್ಮಕ್ಕಳೂ ಸುತ್ತಿಕೊಂಡೇ ಓಡಾಡಬೇಕು.

ಮಾರ್ಕೆಟ್ಟು ದಾಟಿ ದಕ್ಷಿಣಕ್ಕೆ ಬಂದರೆ ಬಸವನಗುಡಿ. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತಾಗ, ಗಾಳಿ ಬೆಳಕಿನ ಹೊಸ ಬಡಾವಣೆಗಳ ಕೆಲಸಕ್ಕೆ ಬಿರುಸು ಬಂತು. ಬಸವನಗುಡಿಯೂ ಮಲ್ಲೇಶ್ವರವೂ ಆ ಕಾಲದವು. ಇಲ್ಲಿ ಬಂದೊಡನೆ ಆಕಾಶ ಅಗಲವಾಗುತ್ತದೆ. ಬೀದಿಗಳು ನೆಟ್ಟಗೆ ಹೋಗಿ ಒಂದನ್ನೊಂದು ಕತ್ತರಿಸುತ್ತವೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳು, ನಡುನಡುವೆ ಪಾರ್ಕು. ಗಾಂಧಿ ಬಜಾರಿನ ಹೂವು ಹಣ್ಣಿನ ಸಾಲು, 1943ರಿಂದ ಅಲ್ಲೇ ಇರುವ ವಿದ್ಯಾರ್ಥಿ ಭವನದ ಮುಂದೆ ದೋಸೆಗಾಗಿ ಕಾದು ನಿಂತ ಜನ, ಇವೆಲ್ಲ ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಅನುಭವಿಸುವುದು ಬೀದಿಯ ಲೆಕ್ಕ. ಅಚ್ಚುಕಟ್ಟಾದ ಚೌಕಳಿ ಬೀದಿಗಳಲ್ಲಿ ಮೂರು ರಸ್ತೆ ಪೂರ್ವಕ್ಕೂ ಮೂರು ರಸ್ತೆ ಉತ್ತರಕ್ಕೂ ಇರುವ ಮನೆಯೊಂದಕ್ಕೆ ಹೋಗಬೇಕೆನ್ನಿ. ಒಂದಡಿಯೂ ಹೆಚ್ಚು ನಡೆಯದೆ ಅಲ್ಲಿಗೆ ಹೋಗಲು 20 ಬೇರೆ ಬೇರೆ ದಾರಿಗಳಿವೆ. ನಾಲ್ಕು ಮತ್ತು ನಾಲ್ಕಾದರೆ 70. ಒಂದು ಬೀದಿ ಅಗೆದಿದ್ದರೆ, ಒಂದರಲ್ಲಿ ಶಾಮಿಯಾನ ಹಾಕಿದ್ದರೆ, ಒಂದರಲ್ಲಿ ಮರ ಬಿದ್ದಿದ್ದರೆ ನಡೆಯುವವರಿಗೆ ನಷ್ಟವಿಲ್ಲ. ರಸ್ತೆಗಳು ಕೊಂಬೆಯಿಂದ ಕೊಂಬೆಗೆ ಕವಲೊಡೆದು ತುದಿಯಲ್ಲಿ ಮುಗಿಯುವಂತಿದ್ದರೆ, ಅದೇ ದೂರದ ಮನೆಗೆ ದಾರಿ ಒಂದೇ. ಆ ಒಂದರ ಮೇಲೆ ಆ ದಿಕ್ಕಿನ ಎಲ್ಲರೂ ಬಂದು ಬೀಳುತ್ತಾರೆ. ಬೆಂಗಳೂರಿನ ಸಂಚಾರದ ಕಷ್ಟವನ್ನು ವಾಹನಗಳ ಎಣಿಕೆಯಿಂದ ಮಾತ್ರ ವಿವರಿಸುವವರು ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಹಳೆಯ ಊರಿನ ಬೀದಿಗಳು ಕೂಡಿದ್ದವು ನಿಜ, ಆದರೆ ಎಲ್ಲ ಮನುಷ್ಯರಿಗೂ ಕೂಡಿದ್ದವೇ? ಪೇಟೆಗಳು ಕಸುಬು ಮತ್ತು ಜಾತಿಯ ಗೆರೆಗಳ ಮೇಲೆ ಎದ್ದವು. ಬಸವನಗುಡಿ, ಮಲ್ಲೇಶ್ವರಗಳಲ್ಲೂ ನಿವೇಶನ ಹಂಚಿದ್ದು ಜಾತಿವಾರು. ಮನೆಗಳ ಹಿಂದಿನ ಗಲ್ಲಿಗಳನ್ನು ಬಿಟ್ಟದ್ದೇ ಮಲ ಹೊರುವ ಜನ ಮುಂಬೀದಿಯಲ್ಲಿ ಕಾಣಿಸಿಕೊಳ್ಳದೆ ಬಂದುಹೋಗಲಿ ಎಂದು. ಆ ಕ್ರೌರ್ಯವನ್ನು ನೆಟ್ಟಗಿನ ರಸ್ತೆಗಳ ಚೆಲುವಿನಲ್ಲಿ ಮರೆಸಲಾಗದು, ಮರೆಸಬಾರದು. ಕೂಡುವ ಬೀದಿ ಸಮಾನತೆಯನ್ನು ತಂದುಕೊಡುತ್ತದೆ ಎಂದು ನಾನು ವಾದಿಸುತ್ತಿಲ್ಲ. ನಾನು ಗಮನಿಸುತ್ತಿರುವುದು ಮುಂದೇನಾಯಿತು ಎಂಬುದನ್ನು. ಜಾತಿವಾರು ಹಂಚಿಕೆಯ ಪಟ್ಟಿ ಕಾಗದದಲ್ಲಿತ್ತು; ಮನೆಗಳು ಕೈಬದಲಾದಂತೆ ಅದು ಸಡಿಲವಾಯಿತು. ನೆಲದ ಮೇಲಿದ್ದ ಬೀದಿ ತೆರೆದೇ ಇತ್ತು, ಹಾಗಾಗಿ ಹೊಸಬರು ಬಂದರು, ಅಂಗಡಿ ಬಂತು, ಬೇರೆ ಊರಿನ ಬೇರೆ ನುಡಿಯ ಬಾಡಿಗೆದಾರರು ಬಂದರು. ಆ ಹಿಂಗಲ್ಲಿಗಳೂ ಮಲ್ಲೇಶ್ವರದ ಕೆಲವೆಡೆ ಇಂದು ನಿವಾಸಿಗಳೇ ಚೊಕ್ಕಟ ಮಾಡಿಕೊಂಡ ಕಾಲುದಾರಿಗಳಾಗಿವೆ. ಕಟ್ಟಿದವರ ಮನಸ್ಸು ಎಷ್ಟೇ ಕಿರಿದಾಗಿದ್ದರೂ ಬೀದಿ ತೆರೆದಿದ್ದರೆ ಮುಂದಿನವರಿಗೆ ಅದನ್ನು ಸರಿಪಡಿಸುವ ಅವಕಾಶ ಉಳಿಯುತ್ತದೆ. ಬೀದಿಯನ್ನೇ ಮುಚ್ಚಿ ಕಟ್ಟಿದಲ್ಲಿ, ಒಳಗಿನವರ ಮನಸ್ಸು ಎಷ್ಟೇ ದೊಡ್ಡದಾದರೂ ಆ ಅವಕಾಶ ಬಹಳ ಕಿರಿದು.

ಜಯನಗರದಲ್ಲಿ ಅದೇ ಚೌಕಳಿ ಇನ್ನೂ ದೊಡ್ಡದಾಗಿ ಹರಡುತ್ತದೆ. 1945ರಲ್ಲಿ ಹುಟ್ಟಿದ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಹಾಕಿದ ಬಡಾವಣೆ ಇದು, 1948ರಲ್ಲಿ ಶಂಕುಸ್ಥಾಪನೆ. ಬ್ಲಾಕು, ಮೇನು, ಕ್ರಾಸು ಎಂಬ ವಿಳಾಸದ ಪದ್ಧತಿ ನೀರಸ ಎಂದು ಕೆಲವರು ಗೊಣಗುವುದುಂಟು, ನನಗೆ ಅದರ ಮೇಲೆ ಗೌರವ. ಹನ್ನೊಂದನೆಯ ಮೇನ್ ಗೊತ್ತಿದ್ದವರಿಗೆ ಹನ್ನೆರಡನೆಯದು ಎಲ್ಲಿರಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ವಿಳಾಸವೇ ದಾರಿ ತೋರುತ್ತದೆ, ಹೊಸದಾಗಿ ಊರಿಗೆ ಬಂದ ಪೋಸ್ಟ್‌ಮ್ಯಾನಿಗೂ ತಿಳಿಯುತ್ತದೆ. 1976ರ ಕಾಯ್ದೆಯಿಂದ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಇದೇ ಬಗೆಯನ್ನು ಮುಂದುವರಿಸಿತು, ಎಚ್‌ಎಸ್‌ಆರ್ ಲೇಔಟ್‌ನ ಸೆಕ್ಟರುಗಳಲ್ಲಿ ಅದು ಈಗಲೂ ಕಾಣುತ್ತದೆ. ಆದರೆ ಸರ್ಕಾರದ ಲೇಔಟುಗಳು ಊರಿನ ಬೆಳವಣಿಗೆಯ ಹಿಂದೆ ಬಿದ್ದವು. ನಿವೇಶನ ಸಿಕ್ಕವರಿಗಿಂತ ಅರ್ಜಿ ಹಾಕಿ ಕಾದವರೇ ಹೆಚ್ಚು. 1951ರಲ್ಲಿ 8 ಲಕ್ಷದ ಆಸುಪಾಸಿನಲ್ಲಿದ್ದ ಜನಸಂಖ್ಯೆ 2011ರ ಹೊತ್ತಿಗೆ 84 ಲಕ್ಷ ದಾಟಿತು. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಮಹಾನಗರ ಪಾಲಿಕೆ ಮಾಡಿದಾಗ, 226 ಚದರ ಕಿಲೋಮೀಟರಿನ ಊರು ಒಮ್ಮೆಲೇ 700 ದಾಟಿತು. ಎಲ್ಲೆ ಬಂದು ಸೇರುವಷ್ಟರಲ್ಲಿ ಅಲ್ಲಿನ ಹೊಲಗಳಲ್ಲಿ ಮನೆಗಳು ಎದ್ದು ನಿಂತಾಗಿತ್ತು.

ಅಗರ ಕೆರೆಯ ಬಳಿ ತಿರುಗಿ ಇಬ್ಬಲೂರು ದಾಟಿದರೆ ಆ ಬದಲಾವಣೆ ಕಣ್ಣಿಗೆ ಹೊಡೆಯುತ್ತದೆ. ಕಟ್ಟಡಗಳು ಹೊಸವು, ಎತ್ತರದವು, ಕೆಲವು ನಿಜಕ್ಕೂ ಸುಂದರವಾದವು. ಅಡ್ಡರಸ್ತೆಗಳು ಮಾತ್ರ ಮಾಯ. ಕೈಕೊಂಡ್ರಹಳ್ಳಿ, ಕಸವನಹಳ್ಳಿ, ಹರಳೂರುಗಳ ಹೆಸರಿನ ದಾರಿಗಳು ಮುಖ್ಯರಸ್ತೆಯಿಂದ ಒಡೆದು ಒಳಗೆ ಹೋಗುತ್ತವೆ. ಎತ್ತಿನ ಗಾಡಿಯ ಅಳತೆಗೆ ಹುಟ್ಟಿದ ಈ ಊರಬೀದಿಗಳೇ ಇಂದು ಸಾವಿರಾರು ಫ್ಲ್ಯಾಟುಗಳ ಹೊರದಾರಿ. ಹೀಗಾದದ್ದು ಒಬ್ಬರ ದುರಾಸೆಯಿಂದ ಎಂದು ಹೇಳಿ ಮುಗಿಸುವುದು ಸುಲಭ, ಆದರೆ ಅದು ಪೂರ್ತಿ ನಿಜವಲ್ಲ. ಇಲ್ಲಿ ನೆಲ ಮಾರಾಟವಾದದ್ದು ಸರ್ವೆ ನಂಬರಿನ ಲೆಕ್ಕದಲ್ಲಿ. ಮೂರೆಕರೆಯ, ಐದೆಕರೆಯ ಹೊಲವೊಂದನ್ನು ಭೂಪರಿವರ್ತನೆ ಮಾಡಿಸಿದವರು ಅದರೊಳಗೆ ಒಂದು ನಡುರಸ್ತೆ ಎಳೆದು ಎರಡು ಬದಿಗೆ ಸೈಟು ಹಾಕಿದರು. ರಸ್ತೆಯನ್ನು ಪಕ್ಕದ ಹೊಲದ ಅಂಚಿನವರೆಗೂ ಒಯ್ದು ತೆರೆದಿಟ್ಟಿದ್ದರೆ ಅವರಿಗೆ 30ಕ್ಕೆ 40ರ ಒಂದೆರಡು ಸೈಟು ನಷ್ಟ. ಪಕ್ಕದ ಹೊಲದಲ್ಲಿ ಆಗ ಇನ್ನೂ ರಾಗಿ ಇತ್ತು, ಕೂಡಿಕೊಳ್ಳಲು ಆ ಕಡೆ ರಸ್ತೆಯೇ ಇರಲಿಲ್ಲ. ಕೆಲವು ವರ್ಷದ ಮೇಲೆ ಅಲ್ಲೂ ಲೇಔಟು ಬಂದಾಗ ಈ ಕಡೆ ಗೋಡೆ ಎದ್ದಾಗಿತ್ತು, ಅವರೂ ತಮ್ಮ ರಸ್ತೆಯನ್ನು ಗೋಡೆಗೆ ತಂದು ನಿಲ್ಲಿಸಿದರು. ಒಬ್ಬೊಬ್ಬರ ತೀರ್ಮಾನವೂ ಅವರವರ ಮಟ್ಟಿಗೆ ಸರಿಯೇ. ಎಲ್ಲ ಸೇರಿ ಊರಿಗೆ ಊರೇ ಕೂಡದಂತಾಯಿತು. ನಡುವೆ ನಡೆದಾಡಲು ಇದ್ದ ಬಂಡಿದಾರಿ, ಗ್ರಾಮನಕ್ಷೆಯಲ್ಲಿ ಚುಕ್ಕೆಗೆರೆಯಾಗಿ ಕಾಣುವ ನಕಾಶೆದಾರಿ, ಕೆರೆ ಏರಿಗೆ ಹೋಗುವ ಕಾಲುಹಾದಿಗಳಲ್ಲಿ ಎಷ್ಟೋ ಕಾಂಪೌಂಡುಗಳ ಒಳಗೆ ಸೇರಿಹೋದವು. ಹಳ್ಳಿಯಾಗಿದ್ದಾಗ ಈ ನೆಲಕ್ಕಿದ್ದ ದಾರಿಗಳಲ್ಲಿ ಕೆಲವು ಊರಾದ ಮೇಲೆ ಇಲ್ಲವಾದವು ಎಂಬುದು ನನ್ನನ್ನು ಬಹಳವಾಗಿ ನೋಯಿಸುವ ಮಾತು.

ಈ ಭಾಗದ ಬೆಳಗನ್ನು ನೋಡಿದವರಿಗೆ ಇದರ ಭಾರ ಯಾರ ಮೇಲೆ ಬೀಳುತ್ತದೆಂದು ಹೇಳಬೇಕಿಲ್ಲ. ಹಳ್ಳಿಯ ಹಿಂಬದಿಯ ಸಾಲುಮನೆ, ಶೆಡ್ಡುಗಳಿಂದ ಮನೆಕೆಲಸದ ಹೆಂಗಸರು ಹೊರಡುತ್ತಾರೆ; ಅವರು ಕೆಲಸ ಮಾಡುವ ವಿಲ್ಲಾ ಗೋಡೆಯಾಚೆಗೇ ಇರುತ್ತದೆ, ಅವರು ನಡೆಯುವುದು ಫುಟ್‌ಪಾತಿಲ್ಲದ ಮುಖ್ಯರಸ್ತೆಯ ಅಂಚಿನಲ್ಲಿ, ನೀರಿನ ಟ್ಯಾಂಕರುಗಳ ಪಕ್ಕದಲ್ಲಿ. ಗೇಟಿನಲ್ಲಿ ನಿಂತ ಸೆಕ್ಯುರಿಟಿಯವರು, ಅವರಲ್ಲಿ ಅಸ್ಸಾಂ ಒಡಿಶಾಗಳಿಂದ ಬಂದವರೂ ಹಲವರು, ಫ್ಲ್ಯಾಟ್ ನಂಬರು ಕೇಳಿ ಫೋನಿನಲ್ಲಿ ಅನುಮತಿ ಬರುವ ತನಕ ಎಲ್ಲರನ್ನೂ ಕಾಯಿಸುತ್ತಾರೆ. ಅದು ಅವರ ಕೆಲಸ. ಗಾಂಧಿ ಬಜಾರಿನಲ್ಲಿ ಮೂಲೆ ತಿರುಗಿದರೆ ಸಿಗುತ್ತಿದ್ದ ಇಡ್ಲಿ ವಡೆ ಇಲ್ಲಿ ಬೈಕಿನ ಮೇಲೆ ಬರುತ್ತದೆ. ತಂದುಕೊಡುವ ಹುಡುಗ ಒಂದೊಂದು ಮನೆಗೂ ಮುಖ್ಯರಸ್ತೆಗೆ ಬಂದು ಮತ್ತೆ ಒಳಹೊಕ್ಕು ಹೊರಬರಬೇಕು, ಪೆಟ್ರೋಲು ಅವನದೇ ಜೇಬಿನಿಂದ. ಹಾದುಹೋಗುವ ಜನವೇ ಇಲ್ಲದ ಒಳರಸ್ತೆಯಲ್ಲಿ ದರ್ಶಿನಿಯೊಂದು ಹುಟ್ಟುವುದಾದರೂ ಹೇಗೆ? ಹೋಟೆಲು, ದರ್ಜಿ ಅಂಗಡಿ, ಹೂವಿನ ಬುಟ್ಟಿ ಎಲ್ಲವೂ ಮುಖ್ಯರಸ್ತೆಗೇ ಬಂದು ಕೂರುತ್ತವೆ, ಈಗಾಗಲೇ ಉಸಿರುಕಟ್ಟಿದ ರಸ್ತೆಯಲ್ಲಿ ಇನ್ನಷ್ಟು ವಾಹನಗಳು ನಿಲ್ಲುತ್ತವೆ.

ಇದು ನಮ್ಮೊಬ್ಬರ ಕಥೆಯಲ್ಲ ಎನ್ನುವುದು ಸಮಾಧಾನವಾಗಲಾರದು, ಆದರೆ ಕಲಿಯಲು ಒದಗುತ್ತದೆ. ಬ್ಯಾರಿಂಗ್ಟನ್-ಲೀ ಮತ್ತು ಮಿಲಾರ್ಡ್-ಬಾಲ್ ಎಂಬಿಬ್ಬರು ಸಂಶೋಧಕರು ಪ್ರಪಂಚದ ನಗರಗಳ ರಸ್ತೆಜಾಲವನ್ನೇ ಅಳೆದು 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೂಡುವಲ್ಲಿ ಎಷ್ಟು ದಾರಿ ಸೇರುತ್ತವೆ, ಎಷ್ಟು ರಸ್ತೆಗಳು ಮುಂದೆ ಹೋಗದೆ ಮುಗಿಯುತ್ತವೆ, ನೇರ ದೂರಕ್ಕಿಂತ ಎಷ್ಟು ಸುತ್ತಬೇಕು, ಇವು ಅವರ ಅಳತೆಗೋಲುಗಳಲ್ಲಿ ಮುಖ್ಯವಾದವು. 1975ರಿಂದ ಈಚೆಗೆ ಪ್ರಪಂಚದ ಬಹುಭಾಗದಲ್ಲಿ ಹೊಸ ರಸ್ತೆಗಳು ಕೂಡುವುದು ಕಡಿಮೆಯಾಗುತ್ತ ಬಂದಿದೆ, ಆಗ್ನೇಯ ಏಷ್ಯಾದಲ್ಲಿ ಅದು ಬಹಳ ಎದ್ದುಕಾಣುತ್ತದೆ. ಗೇಟೆಡ್ ಕಮ್ಯುನಿಟಿಗಳು ಅದರ ಒಂದು ಕಾರಣ. ಅಮೆರಿಕದ ಕಥೆ ಇನ್ನೂ ಪಾಠ ಹೇಳುವಂಥದು. ಅಲ್ಲಿ ಮನೆಸಾಲಕ್ಕೆ ಖಾತರಿ ನೀಡುವ ಫೆಡರಲ್ ವಸತಿ ಆಡಳಿತವು 1938ರ ಕೈಪಿಡಿಯೊಂದರಲ್ಲಿ ಚೌಕಳಿ ಬೀದಿಯ ಚಿತ್ರಕ್ಕೆ ಕೆಟ್ಟದ್ದೆಂದೂ ಬಾಗಿ ಬಳುಕಿ ಮುಗಿಯುವ ಬೀದಿಯ ಚಿತ್ರಕ್ಕೆ ಒಳ್ಳೆಯದೆಂದೂ ಅಂಕಿತ ಹಾಕಿತು. ಸಾಲದ ಹಣ ಆ ಕಡೆ ಹರಿಯಿತು, ಅರ್ಧ ಶತಮಾನ ದೇಶವೇ ಹಾಗೆ ಕಟ್ಟಿಕೊಂಡಿತು. ಅಲ್ಲಿನ ಉಪನಗರಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳ ಮನೆಗೆ ಹೋದ ತಂದೆತಾಯಂದಿರು ಕಾರಿಲ್ಲದೆ ಹಾಲು ತರಲೂ ಆಗದೆಂದು ಹೇಳುವುದಕ್ಕೆ ಮೂಲ ಬಹುಮಟ್ಟಿಗೆ ಆ ಬೀದಿಗಳೇ. ಆದರೆ ಅದೇ ಅಮೆರಿಕದಲ್ಲಿ ಈ ಪ್ರವೃತ್ತಿ 1990ರ ದಶಕದ ನಡುವೆ ತುದಿ ಮುಟ್ಟಿ ಇಳಿಯತೊಡಗಿತು. ಹೊಸ ಬಡಾವಣೆಗಳು ಅಕ್ಕಪಕ್ಕದ ರಸ್ತೆಗೆ ಕೂಡಲೇಬೇಕೆಂದು ಕೆಲವು ಊರುಗಳು ನಿಯಮ ಮಾಡಿಕೊಂಡವು. ಮನುಷ್ಯರು ಮಾಡಿದ ನಿಯಮದಿಂದ ಬಂದದ್ದನ್ನು ಮನುಷ್ಯರ ನಿಯಮವೇ ತಿದ್ದಬಲ್ಲದು.

ಇದನ್ನು ಒಪ್ಪದವರ ಮಾತಿನಲ್ಲಿ ಬಲವಾದದ್ದು ಸುರಕ್ಷತೆಯ ಮಾತು. ಬೆಂಗಳೂರಿನ ರಸ್ತೆಗಳಲ್ಲಿ ಮಗುವೊಂದನ್ನು ಸೈಕಲ್ ಹೊಡೆಯಲು ಬಿಡುವ ಧೈರ್ಯ ಯಾರಿಗಿದೆ? ಗೇಟಿನೊಳಗೆ ಮಕ್ಕಳು ಆಡುತ್ತಾರೆ, ಅಜ್ಜಿಯರು ಸಂಜೆ ನಡೆಯುತ್ತಾರೆ, ಹಾರ್ನಿನ ಸದ್ದಿಲ್ಲ. ತೆರೆದಿಟ್ಟರೆ ಇಂದಿರಾನಗರದ, ಕೋರಮಂಗಲದ ಒಳರಸ್ತೆಗಳಂತೆ ಪಬ್ಬು, ಪಾರ್ಕಿಂಗು, ಅಡ್ಡದಾರಿ ಹುಡುಕುವ ಕಾರುಗಳು ನುಗ್ಗುತ್ತವೆ. ಈ ಭಯ ಸುಳ್ಳಲ್ಲ. ಅದನ್ನು ಹೀಗಳೆದು ಮಾತಾಡುವವರು ಆ ಮನೆಗಳ ತಾಯಂದಿರನ್ನು ಗೆಲ್ಲಲಾರರು. ಆದರೆ ಕಾರಿಗೆ ಮುಚ್ಚುವುದು ಬೇರೆ, ಮನುಷ್ಯರಿಗೆ ಮುಚ್ಚುವುದು ಬೇರೆ. 1929ರಲ್ಲಿ ನ್ಯೂಜೆರ್ಸಿಯ ರ‍್ಯಾಡ್‌ಬರ್ನ್‌ನಲ್ಲಿ ಮುಗಿಯುವ ಬೀದಿಗಳ ಬಡಾವಣೆ ಕಟ್ಟಿದವರು ಮನೆಗಳ ಹಿಂದೆ ಪಾರ್ಕು, ಪಾರ್ಕಿನೊಳಗೆ ಕಾಲುದಾರಿಗಳ ಜಾಲ ಬಿಟ್ಟಿದ್ದರು. ಆ ಮಾದರಿಯನ್ನು ನಕಲು ಮಾಡಿದ ಹಲವರು ಬೀದಿಯನ್ನು ಉಳಿಸಿಕೊಂಡು ಕಾಲುದಾರಿಯನ್ನು ಬಿಟ್ಟರು. ನೆದರ್ಲೆಂಡ್ಸ್, ಡೆನ್ಮಾರ್ಕ್‌ಗಳಲ್ಲಿ ಕಾರಿಗೆ ಮುಗಿಯುವ ಬೀದಿ ನಡೆಯುವವರಿಗೂ ಸೈಕಲ್ಲಿನವರಿಗೂ ಮುಂದುವರಿಯುವುದು ಸಾಮಾನ್ಯ. ಬಾರ್ಸಿಲೋನಾ 1859ರ ಸೆರ್ದಾ ನಕ್ಷೆಯ ಚೌಕಳಿಯನ್ನು ಕೆಡಿಸದೆಯೇ ಕೆಲವು ಚೌಕಗಳನ್ನು ಒಟ್ಟುಗೂಡಿಸಿ ಒಳಬೀದಿಗಳಲ್ಲಿ ಕಾರಿನ ಓಟವನ್ನು ತಡೆದಿದೆ. ತೆರೆದ ಜಾಲವನ್ನು ಬೇಕಾದಾಗ ಒಂದು ಕಂಬ ನೆಟ್ಟು ಕಾರಿಗೆ ಮುಚ್ಚಬಹುದು, ಬೇಡವೆನಿಸಿದರೆ ಕಂಬ ಕೀಳಬಹುದು. ಮುಚ್ಚಿ ಕಟ್ಟಿದ ಜಾಲವನ್ನು ತೆರೆಯಲು ಮನೆಯನ್ನೇ ಕೆಡವಬೇಕು. ಸುರಕ್ಷತೆಗೆ ಇನ್ನೊಂದು ಮುಖವೂ ಇದೆ. ಉತ್ತರ ಕೆರೊಲಿನಾದ ಷಾರ್ಲಟ್ ನಗರ ಲೆಕ್ಕ ಹಾಕಿದಾಗ, ರಸ್ತೆಗಳು ಕೂಡಿರುವ ಬಡಾವಣೆಯ ಅಗ್ನಿಶಾಮಕ ಠಾಣೆ ಅಷ್ಟೇ ಹೊತ್ತಿನಲ್ಲಿ ಹೆಚ್ಚು ಮನೆಗಳನ್ನು ಮುಟ್ಟಬಲ್ಲದೆಂದು ಕಂಡಿತು. ಎದೆನೋವು ಬಂದ ರಾತ್ರಿ ಆಂಬುಲೆನ್ಸಿಗೂ ಬೇಕಾದದ್ದು ಎರಡನೆಯ ದಾರಿ.

ಆಸ್ತಿಯ ಹಕ್ಕಿನ ಮಾತೂ ಇದೆ: ನಮ್ಮ ದುಡ್ಡಿನಲ್ಲಿ ಕೊಂಡ ಜಾಗದಲ್ಲಿ ಊರವರೆಲ್ಲ ಏಕೆ ಓಡಾಡಬೇಕು? ಲೇಔಟ್ ಮಂಜೂರಾತಿಯ ವೇಳೆ ರಸ್ತೆ, ಪಾರ್ಕುಗಳನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಡುವುದು ಕಾನೂನಿನ ಕ್ರಮ. ಹಾಗೆ ಬಿಟ್ಟುಕೊಟ್ಟ ರಸ್ತೆ ಸಾರ್ವಜನಿಕರದು, ಅದಕ್ಕೆ ಗೇಟು ಹಾಕಿ ತಡೆಯುವಂತಿಲ್ಲ ಎಂಬುದನ್ನು ಹೈಕೋರ್ಟೂ ಎತ್ತಿಹಿಡಿದಿದೆ. ನಿಜವಾಗಿ ಖಾಸಗಿಯಾದ ಆವರಣಗಳ ಪ್ರಶ್ನೆ ಹೆಚ್ಚು ಕಠಿಣ. 2025ರ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿಗಳೇ ಸರ್ಜಾಪುರ ರಸ್ತೆಯ ಐಟಿ ಕಂಪನಿಯೊಂದಕ್ಕೆ ಪತ್ರ ಬರೆದು, ಇಬ್ಬಲೂರು ಜಂಕ್ಷನ್ನಿನ ದಟ್ಟಣೆ ತಗ್ಗಿಸಲು ಅದರ ಆವರಣದ ಮೂಲಕ ವಾಹನ ಬಿಡಬಹುದೇ ಎಂದು ಕೇಳಿದರು. ಅದು ಖಾಸಗಿ ಆಸ್ತಿ, ವಿಶೇಷ ಆರ್ಥಿಕ ವಲಯದ ಕಟ್ಟುಪಾಡಿಗೆ ಒಳಪಟ್ಟದ್ದು ಎಂದು ಕಂಪನಿ ಒಪ್ಪಲಿಲ್ಲ. ಕಂಪನಿಯ ಉತ್ತರದಲ್ಲಿ ಕಾನೂನಿನ ತಪ್ಪೇನೂ ನನಗೆ ಕಾಣುವುದಿಲ್ಲ. ನನ್ನನ್ನು ಕಲಕಿದ್ದು ಆ ಪತ್ರ ಬರೆಯಬೇಕಾಗಿ ಬಂದ ಸ್ಥಿತಿ. ನೆಲ ಹೊಲವಾಗಿದ್ದಾಗ ನಕ್ಷೆಯ ಮೇಲೆ ಒಂದು ಗೆರೆ ಎಳೆದಿದ್ದರೆ ಸಿಗುತ್ತಿದ್ದ ದಾರಿಗೆ, ರಾಜ್ಯ ಸರ್ಕಾರದ ಮುಖ್ಯಸ್ಥರು ಕೋರಿಕೆಯ ಕಾಗದ ಬರೆದು ಕಾಯಬೇಕಾಯಿತು.

ಮೆಟ್ರೊ ಬರುತ್ತಿದೆ, ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆಯ ಯೋಜನೆಯಿದೆ, ಇನ್ನು ಸಣ್ಣ ಬೀದಿಗಳ ಚಿಂತೆ ಏಕೆ ಎಂದು ಕೇಳುವವರಿಗೂ ಇದೇ ಉತ್ತರ. ಮೆಟ್ರೊವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ನಿಲ್ದಾಣಕ್ಕೆ ನೇರವಾಗಿ ಅರ್ಧ ಕಿಲೋಮೀಟರಿರುವ ಮನೆಯವರು ಗೋಡೆ ಸುತ್ತಿ ಎರಡು ಕಿಲೋಮೀಟರು ನಡೆಯಬೇಕಾದರೆ ಅವರು ರೈಲು ಹತ್ತುವುದಿಲ್ಲ, ಸ್ಕೂಟರು ಹತ್ತುತ್ತಾರೆ. ಸುರಂಗದ ತುದಿಯಲ್ಲಿ ಹೊರಬಿದ್ದ ಕಾರು ಕೂಡ ಕೊನೆಗೆ ಅದೇ ಒಂದೇ ಬಾಯಿಯ ರಸ್ತೆಗೆ ಬರಬೇಕು. ಅಗಲವಾದ ರಸ್ತೆ ಹೆಚ್ಚು ನೀರನ್ನು ಒಂದೇ ಕಾಲುವೆಗೆ ತಂದು ಸುರಿದಂತೆ. ಇಲ್ಲಿ ನೀರಿನ ಮಾತು ತಾನಾಗಿ ಬರುತ್ತದೆ. ಈ ನೆಲದಲ್ಲಿ ಮೊದಲಿಗೆ ಕೂಡಿಕೊಂಡಿದ್ದದ್ದು ಕೆರೆಗಳು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ, ಅಲ್ಲಿಂದ ಬೆಳ್ಳಂದೂರು, ವರ್ತೂರಿಗೆ. ಸರ್ವೆ ನಂಬರಿಗೊಂದು ಲೇಔಟು ಕಟ್ಟಿದ ರೀತಿಯೇ ಆ ಜೋಡಣೆಯನ್ನೂ ಹಲವೆಡೆ ತುಂಡರಿಸಿತು. 2022ರ ಸೆಪ್ಟೆಂಬರಿನ ಮಳೆಗೆ ಸರ್ಜಾಪುರ ರಸ್ತೆ, ಯಮಲೂರುಗಳ ವಿಲ್ಲಾಗಳು ಮುಳುಗಿ, ಜನ ಟ್ರ್ಯಾಕ್ಟರು ದೋಣಿಗಳಲ್ಲಿ ಹೊರಬಂದದ್ದನ್ನು ನಾಡೇ ನೋಡಿತು. ಅದೇ ಭಾಗದ ಜನ ಮುಂದೆ ನಿಂತು ಕೈಕೊಂಡ್ರಹಳ್ಳಿ ಕೆರೆಯನ್ನು ಉಳಿಸಿಕೊಂಡವರೂ ಹೌದು. ಗೋಡೆಯೊಳಗೆ ಇರುವವರಿಗೆ ಊರಿನ ಕಾಳಜಿಯಿಲ್ಲ ಎಂದು ನಾನು ಹೇಳಲಾರದ್ದು ಇದಕ್ಕೇ.

ದೊಮ್ಮಸಂದ್ರ ದಾಟಿ ಸರ್ಜಾಪುರ ಸಮೀಪಿಸಿದಂತೆ ರಾಗಿಯ ಹೊಲ, ನೀಲಗಿರಿ ತೋಪು ಇನ್ನೂ ಅಲ್ಲಲ್ಲಿ ಉಳಿದಿವೆ, ನಡುನಡುವೆ ಸೈಟುಗಳ ಕಲ್ಲು, ಬಣ್ಣದ ಬಾವುಟ. ಮೈಸೂರಿನ ರಿಂಗ್ ರಸ್ತೆಯಾಚೆಯೂ ಈಗ ಇದೇ ಬಾವುಟಗಳು. 1903ರಷ್ಟು ಹಿಂದೆಯೇ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಕಂಡ ಊರು ನಮ್ಮದು; ಲಕ್ಷ್ಮೀಪುರಂ, ಚಾಮರಾಜಪುರಂಗಳಲ್ಲಿ ದಾರಿ ತಪ್ಪಿದವರೂ ಎರಡು ತಿರುವಿನಲ್ಲಿ ಸರಿದಾರಿಗೆ ಬರುತ್ತಾರೆ. ಹೊರವಲಯದ ಖಾಸಗಿ ಲೇಔಟುಗಳಿಗೆ ಅದೇ ಭರವಸೆ ಕೊಡುವಂತಿಲ್ಲ. ರೈತರ ನೆಲ ಕಸಿಯದೆ ರಸ್ತೆ ಎಳೆಯುವುದು ಹೇಗೆ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ, ಬರಲೇಬೇಕು. ಭೂಸ್ವಾಧೀನದ ನೋಟಿಸು ಬಂದು, ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದ ಕುಟುಂಬಗಳು ಬೆಂಗಳೂರಿನ ಸುತ್ತ ಬೇಕಾದಷ್ಟಿವೆ. ಗುಜರಾತಿನ ಅಹಮದಾಬಾದು ಬಹುಕಾಲದಿಂದ ಟೌನ್ ಪ್ಲಾನಿಂಗ್ ಸ್ಕೀಮ್ ಎಂಬ ಬೇರೆ ಹಾದಿ ಹಿಡಿದಿದೆ: ಅಕ್ಕಪಕ್ಕದ ಹೊಲಗಳನ್ನೆಲ್ಲ ಕಾಗದದ ಮೇಲೆ ಒಂದುಗೂಡಿಸಿ, ರಸ್ತೆಗೂ ಪಾರ್ಕಿಗೂ ಒಬ್ಬೊಬ್ಬರಿಂದ ಒಂದು ಪಾಲು ತೆಗೆದು, ಉಳಿದದ್ದನ್ನು ಅಚ್ಚುಕಟ್ಟಾದ ಆಕಾರದಲ್ಲಿ ಅದೇ ಒಡೆಯರಿಗೆ ಮರಳಿಸುವುದು. ರೈತ ನೆಲ ಕಳೆದುಕೊಂಡು ಹೊರಹೋಗುವುದಿಲ್ಲ, ರಸ್ತೆಯ ಮೇಲಿನ ನೆಲದ ಒಡೆಯನಾಗಿ ಅಲ್ಲೇ ಇರುತ್ತಾನೆ. ಅಲ್ಲಿನ 76 ಕಿಲೋಮೀಟರಿನ ರಿಂಗ್ ರಸ್ತೆಗೆ ಬೇಕಾದ ನೆಲದ ಬಹುಪಾಲು ಈ ಬಗೆಯಲ್ಲೇ ದೊರೆಯಿತು. ಅದರಲ್ಲೂ ತಕರಾರುಗಳಿವೆ, ಸಣ್ಣ ಹಿಡುವಳಿದಾರನಿಗೆ ಮರಳುವ ತುಂಡು ತೀರ ಚಿಕ್ಕದಾಗದಂತೆ ಕಾಯಬೇಕು, ಯೋಜನೆ ಮುಗಿಯಲು ವರ್ಷಗಳು ಹಿಡಿಯುತ್ತವೆ. ಆದರೂ ನಮಗೆ ಎಲ್ಲ ರಸ್ತೆಗಳೂ ಒಮ್ಮೆಲೇ ಬೇಕಿಲ್ಲ. ಅರ್ಧ ಕಿಲೋಮೀಟರಿಗೊಂದರಂತೆ ಅಡ್ಡಕ್ಕೂ ಉದ್ದಕ್ಕೂ ತೂರಿಹೋಗುವ ರಸ್ತೆಗಳ ನೆಲವನ್ನು ಈಗಲೇ ಗುರುತಿಸಿ ಕಲ್ಲು ನೆಡಬೇಕು. ಗ್ರಾಮನಕ್ಷೆಯ ಬಂಡಿದಾರಿಗಳಲ್ಲಿ ಒಂದನ್ನೂ ಬಿಡದೆ ಲೇಔಟ್ ನಕ್ಷೆಗೆ ಎಳೆದು ತರಬೇಕು. ಪಕ್ಕದ ಸರ್ವೆ ನಂಬರಿನ ಅಂಚಿಗೆ ಒಂದು ರಸ್ತೆಯಾದರೂ ತೆರೆದು ನಿಲ್ಲದಿದ್ದರೆ ಮಂಜೂರಾತಿ ಕೊಡಕೂಡದು. ಅಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದರೂ ಸರಿ, ರಸ್ತೆ ಅಲ್ಲಿಯ ತನಕ ಬಂದು ಕಾಯಲಿ.